ಬಳೆಬಾವಿ ತೋಡಿಸಿದವಳು

ಖಾಜಾಬಿ ಕಥೆಯ ನಡುವೆ ಮಾತು ನಿಲ್ಲಿಸಿಬಿಟ್ಟಳು. ಕುರ್ಚಿಯಲ್ಲಿ ಕೂತು ಅಭ್ಯಾಸವಿಲ್ಲದ ಮುದುಕಿ. ಕಾಲು ನೆಲಕ್ಕೆ ಎಟಕದೆ ತೂಗಾಡುತ್ತಿತ್ತು. ಎದುರಿಗೆ ಜಮಖಾನದ ಮೇಲೆ ಶಿರಾ ಪೇಟೆಯ ಜನ. ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಸೇರಿ ವರ್ಷ ತುಂಬಿತೆಂದು ವಾಚನಾಲಯದವರು ಹಿರಿಯರಿಂದ ಊರಿನ ಕಥೆ ಹೇಳಿಸುವ ಸಭೆ ಇಟ್ಟಿದ್ದರು. ಜಹೀರ್ ಅಹಮದ್ ಕೋಟೆಯ ಕಥೆ ಹೇಳಿ ಇಳಿದಿದ್ದರು, ಪರ್ವತಯ್ಯ ಕೆರೆಯದು. ಬಳೆಬಾವಿ ಮಾತ್ರ ಹೂವಿನ ಖಾಜಾಬಿಯ ಪಾಲಿಗೆ ಬಂದಿತ್ತು.

"ಆಗ ಊರಾಗೆ ಹನಿ ನೀರಿಲ್ಲ," ಎಂದು ಶುರುಮಾಡಿದ್ದಳು. "ಕೋಟೆ ಬೇಗಮ್ಮು ಮೇಲಿಂದ ನೋಡಿದ್ಲು. ಯಾ ಅಲ್ಲಾ, ಹೆಣ್ಮಕ್ಳು ಖಾಲಿ ಕೊಡ ಹೊತ್ಕೊಂಡು ತಿರುಗ್ತಾವ್ರಲ್ಲ ಅಂತ ಕೈಲಿದ್ದ ಚಿನ್ನದ ಬಳೆ ಎಲ್ಲಾ ಬಿಚ್ಚಿ ಕೊಟ್ಬುಟ್ಲು. ಅದ್ರಲ್ಲಿ ತೋಡಿದ್ದೇ ಬಳೆಬಾವಿ."

ಇಲ್ಲಿಗೆ ಬಂದರೆ ನಿಲ್ಲಲೇಬೇಕು. ಯಾಕೆಂದರೆ ತಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ, ಕಥೆ ಇಲ್ಲಿಗೆ ಬರುತ್ತಲೇ ಶಿವರುದ್ರಮ್ಮ ಬಾಯಿ ಹಾಕುತ್ತಿದ್ದಳು: "ಥೂ, ಸುಳ್ಳಿಗೂ ಒಂದು ಲೆಕ್ಕ ಇರ್ಬೇಕು ಕಣೇ!"

ಬಾವಿಗೆ ಎರಡು ರಾಟೆ. ಮೂಡಲ ಕಡೆಯದು ಶಿವರುದ್ರಮ್ಮನ ಜನಕ್ಕೆ, ಪಡುವಲ ಕಡೆಯದು ಸಾಬರಿಗೆ. ಹಗ್ಗ ಬೇರೆ, ಕೊಡ ಬೇರೆ, ಕಟ್ಟೆ ಮಾತ್ರ ಒಂದೇ. ಸಂಜೆ ಆ ಕಟ್ಟೆಯ ಮೇಲೆ ಒಬ್ಬಳು ಹೂ ಕಟ್ಟುತ್ತಿದ್ದಳು, ಇನ್ನೊಬ್ಬಳು ದೀಪದ ಬತ್ತಿ ಹೊಸೆಯುತ್ತಿದ್ದಳು, ಇಬ್ಬರೂ ಜಗಳವಾಡುತ್ತಿದ್ದರು. ಬಾವಿ ತೋಡಿಸಿದವಳು ಬೇಗಮ್ಮಲ್ಲ, ಎಣ್ಣೆ ಅಂಗಡಿಯವನ ಹೆಂಡತಿ ಮಲ್ಲವ್ವ ಎಂದು ಶಿವರುದ್ರಮ್ಮನ ಹಟ. ಮಕ್ಕಳಿಲ್ಲದ ಮಲ್ಲವ್ವ ಬೆಳ್ಳಿ ಬಳೆ ಮಾರಿದ್ದಳಂತೆ. ಆಳುಗಳು ಸಾಲದಾಗ ತಾನೇ ಮಣ್ಣು ಹೊತ್ತಿದ್ದಳಂತೆ. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮುಖ ಊದಿಸಿಕೊಂಡು ಮನೆಗೆ ಹೋಗುತ್ತಿದ್ದರು. ಮರುದಿನ ಮತ್ತೆ ಮೊದಲಿಂದ. ಗೆಲ್ಲುವ ಆಸೆ ಇಬ್ಬರಿಗೂ ಇರಲಿಲ್ಲ, ಗೆದ್ದರೆ ನಾಳೆ ಏನು ಮಾತಾಡುವುದು?

ಈ ವರ್ಷದ ಆಷಾಢದಲ್ಲಿ ಶಿವರುದ್ರಮ್ಮ ತೀರಿಕೊಂಡಳು. ಆಮೇಲೂ ಖಾಜಾಬಿ ಕಟ್ಟೆಗೆ ಹೋಗುತ್ತಿದ್ದಳು, ಬಂದವರಿಗೆಲ್ಲ ಬೇಗಮ್ಮಿನ ಕಥೆ ಹೇಳುತ್ತಿದ್ದಳು. "ಹೌದಾ ಖಾಜಾಬಮ್ಮ" ಎಂದು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಹೂಂಗುಟ್ಟುವವರಿಗೆ ಊರಲ್ಲಿ ಬರವಿರಲಿಲ್ಲ. ಅಲ್ಲ ಅನ್ನುವವಳು ಹೋಗಿಬಿಟ್ಟಿದ್ದಳು. ಗಂಡ ಸತ್ತಾಗಲೂ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಹಾಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಈ ಸಭೆಗೆ ಒಪ್ಪಿ ಬಂದದ್ದೂ ಒಂದೇ ಆಸೆಯಿಂದ. ಶಿವರುದ್ರಮ್ಮನ ಮಗ ಚಂದ್ರಶೇಖರಯ್ಯ, ಈಗ ಸ್ಕೂಲಿನ ಮೇಷ್ಟ್ರು, ಮುಂದಿನ ಸಾಲಲ್ಲೇ ಕೂತಿರುತ್ತಾನೆ. ಆ ಕಟ್ಟೆಯ ಮೇಲೆ ಆಡಿ ಬೆಳೆದವನು. ಅವನಾದರೂ ಎದ್ದು ಅಲ್ಲ ಅಂದಾನು.

ಚಂದ್ರಶೇಖರಯ್ಯ ಕೈಕಟ್ಟಿಕೊಂಡು ನಗುತ್ತಿದ್ದ.

"ಯಾಕೆ ಚಂದ್ರಪ್ಪ, ನಿಮ್ಮವ್ವ ಬೇರೆ ಥರ ಯೇಳ್ತಿರ್ಲಿಲ್ವಾ?"

"ಏನೋ ಹೇಳ್ತಿದ್ರು, ನಂಗೆ ಜ್ಞಾಪಕ ಇಲ್ಲ ಖಾಜಾಬಮ್ಮ. ನೀವು ಹೇಳಿದ್ದೇ ಸರಿ ಬಿಡಿ."

ಖಾಜಾಬಿ ಅವನ ಮುಖವನ್ನೇ ನೋಡಿದಳು. ಹೆತ್ತ ಮಗನಿಗೇ ಜ್ಞಾಪಕವಿಲ್ಲ. ಹಾಗಾದರೆ ಮಲ್ಲವ್ವ ಇನ್ನು ತನ್ನ ಬಾಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ತಾನು ಈಗ ಕುರ್ಚಿಯಿಂದ ಇಳಿದರೆ ಮಣ್ಣು ಹೊತ್ತವಳು ಹುಟ್ಟೇ ಇರಲಿಲ್ಲ ಅಂತಾಗುತ್ತದೆ.

"ಸರಿ ಅಲ್ಲ," ಅಂದಳು ಜೋರಾಗಿ. "ನಾನು ಯೇಳಿದ್ದು ಸುಳ್ಳು. ಕೋಟೆಯಿಂದ ಯಾರೂ ನೋಡ್ಲಿಲ್ಲ, ಯಾರೂ ಬಳೆ ಬಿಚ್ಚಲಿಲ್ಲ. ತೋಡ್ಸಿದ್ದು ಮಲ್ಲವ್ವ, ಎಣ್ಣೆ ಅಂಗಡಿಯೋಳು."

ಶಿವರುದ್ರಮ್ಮ ಎಲ್ಲಿ ದನಿ ಇಳಿಸುತ್ತಿದ್ದಳೋ ಅಲ್ಲಿ ಇಳಿಸಿದಳು, ಎಲ್ಲಿ ತೊಡೆ ತಟ್ಟುತ್ತಿದ್ದಳೋ ಅಲ್ಲಿ ತಟ್ಟಿದಳು. ಮೊದಲ ನೀರು ಕಂಡಾಗ ಮಲ್ಲವ್ವ ಕೆಸರಲ್ಲೇ ಕೂತು ಅತ್ತದ್ದನ್ನು ಹೇಳುವಾಗ ತಾನೂ ಅತ್ತಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. "ಇದು ನಿಜವಾದ ಕಥೆ," ಎಂದರು ಪರ್ವತಯ್ಯ.

ಇಷ್ಟು ವರ್ಷ ಶಿವರುದ್ರಮ್ಮನಿಗೆ ಕೊಡುತ್ತಿದ್ದ ಮರುಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಯಾರಿಗೆ ಕೊಡುವುದು? ನುಂಗಿಕೊಂಡು ಕೆಳಗಿಳಿದಳು. ಜಗಳ ಮುಗಿದಿತ್ತು, ಶಿವರುದ್ರಮ್ಮ ಗೆದ್ದಿದ್ದಳು. ಖಾಜಾಬಿ ಮನೆಗೆ ಹೋಗಿ ಉಣ್ಣದೆ ಮಲಗಿದಳು.

ವಾರದ ಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಕನಕಾಂಬರ ಕಟ್ಟುತ್ತ ಕೂತಿದ್ದಾಗ ಪರ್ವತಯ್ಯನ ಸೊಸೆ ಗಂಗಲಕ್ಷ್ಮಮ್ಮ ನೀರಿಗೆ ಬಂದಳು. ಕೊಳಾಲದ ಕಡೆಯ ಹುಡುಗಿ, ಊರಿಗೆ ಹೊಸಬಳು. ಅವಳು ಕೊಡ ತುಂಬಿ ಸೊಂಟಕ್ಕೇರಿಸುವಾಗ, ಬಾಯಿ ಸುಮ್ಮನಿರಲಾರದೆ ಖಾಜಾಬಿ ಹೇಳಿದಳು: "ಕೋಟೆ ಬೇಗಮ್ಮು ತೋಡ್ಸಿದ ಬಾವಿ ಕಣಮ್ಮ ಇದು."

"ಯಾವ ಬೇಗಮ್ಮು?" ಎಂದಳು ಹುಡುಗಿ, ಹೊರಟ ಕಾಲಲ್ಲೇ. "ಮಲ್ಲವ್ವ ಅಲ್ವಾ ತೋಡ್ಸಿದ್ದು? ನಮ್ಮ ಮಾವ ಯೇಳಿದ್ರು. ಏನೇನೋ ಯೇಳ್ಬೇಡ್ರಿ ಖಾಜಾಬಮ್ಮ."

ಹೂ ಕಟ್ಟುವ ಕೈ ನಿಂತಿತು. ಖಾಜಾಬಿ ಕಟ್ಟೆಯ ಮೇಲೆ ನೆಟ್ಟಗೆ ಕೂತಳು.

"ಬೆಳ್ಳಿ ಬಳೆ ಮಾರಿದ್ರೆ ಗುಂಡಿ ಆಗ್ತೈತೆ," ಎಂದಳು. "ಬಾವಿ ಆಗಲ್ಲ."

ಗಂಗಲಕ್ಷ್ಮಮ್ಮ ತಿರುಗಿದಳು. "ಯಾಕಾಗಲ್ಲ?"

ತುಂಬಿದ ಕೊಡವನ್ನು ಎಡಗಡೆಯಿಂದ ಬಲಗಡೆಯ ಸೊಂಟಕ್ಕೆ ಬದಲಿಸಿಕೊಂಡಳು. ಇಳಿಸಲಿಲ್ಲ, ಹೋಗಲೂ ಇಲ್ಲ.