ಹುಲಿಗೆಮ್ಮನ ಗಾಡಿಯ ಆಂಪ್ಲಿಫೈಯರ್

ನಾನು ಒಂದು ಆಂಪ್ಲಿಫೈಯರ್. ಕಪ್ಪು ಡಬ್ಬಿ, ಬೆನ್ನ ಮೇಲೆ ಅಲ್ಯೂಮಿನಿಯಂ ಪಟ್ಟಿ, ಮುಂದೆ ಒಂದು ಗುಂಡಿ, ಒಂದು ಕೆಂಪು ದೀಪ. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಕಿವಿಗೆ ಬಿದ್ದದ್ದನ್ನು ಹತ್ತು ಪಟ್ಟು ದೊಡ್ಡದು ಮಾಡಿ ಹೇಳದಿದ್ದರೆ ನನಗೆ ಹೊಟ್ಟೆಯುಬ್ಬರ.

ಹುಟ್ಟಿದ್ದು ದಿಲ್ಲಿಯ ಒಂದು ಓಣಿಯಲ್ಲಿ. ಮೊದಲ ಒಡೆಯ ಬಳ್ಳಾರಿಯ ಶಶಿಧರ, ಹೊಸ ಕಾರಿನ ಹುರುಪಿನವನು. ಅವನ ಡಿಕ್ಕಿಯಲ್ಲಿ ಕೂತು ನಾನು ಎಬ್ಬಿಸುತ್ತಿದ್ದ ಸದ್ದಿಗೆ ಬೀದಿಯ ಕಿಟಕಿಗಳೆಲ್ಲ ಗಡಗಡ ಎನ್ನುತ್ತಿದ್ದವು. ಆಹಾ, ಅದೆಂಥ ಕಾಲ! ಶಶಿಧರನಿಗೆ ಮದುವೆಯಾಯಿತು. ಹೆಂಡತಿ ಕಾರು ಹತ್ತಿದ ಮೊದಲ ದಿನವೇ, "ಇದರ ಗಂಟಲು ಹಿಸುಕ್ರಿ, ಇಲ್ಲಾಂದ್ರ ನಾ ಇಳೀತೀನಿ" ಎಂದಳು. ಇಳಿದದ್ದು ನಾನು. ಹೊಸಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ತುಕ್ಕು ಹಿಡಿದ ಫ್ಯಾನುಗಳ ನಡುವೆ ಬಿದ್ದುಕೊಂಡೆ. ಮಾತಿಲ್ಲ, ಹಾಡಿಲ್ಲ. ತಲೆ ಕೆಟ್ಟುಹೋಗುವುದೊಂದು ಬಾಕಿ.

ಅಲ್ಲಿಂದ ನನ್ನನ್ನು ಕೊಂಡದ್ದು ಹುಲಿಗೆಮ್ಮ. ಹಳೇ ಕೋಟೆ ನೋಡಲು ಬರುವವರನ್ನು ಬ್ಯಾಟರಿ ಗಾಡಿಯಲ್ಲಿ ಸುತ್ತಿಸುವವಳು. ಗಾಡಿ ಓಡಿಸುತ್ತ ಕಥೆಯನ್ನೂ ಹೇಳಬೇಕು. ಆನೆಲಾಯದ ಮುಂದೆ ಮಾವುತರ ಜಗಳ, ಕೊಳದ ಮುಂದೆ ರಾಣಿಯ ಮುನಿಸು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಆದರೆ ವರ್ಷಗಟ್ಟಲೆ ಕೂಗಿ ಕೂಗಿ ಗಂಟಲಲ್ಲಿ ಗಂಟಾಗಿತ್ತು. ಇನ್ನೂ ಕೂಗಿದರೆ ದನಿಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಥೆ ಹೇಳಲಾಗದವರಿಗೆ ಅಲ್ಲಿ ಸ್ಟಿಯರಿಂಗ್ ಇಲ್ಲ. ಗೇಟಿನಲ್ಲಿ ನಿಂತು ಟಿಕೆಟ್ ಹರಿಯಬೇಕು.

ಗಾಡಿಯನ್ನು ನೋಡಿ ನನಗೆ ನಗು ಬಂತು. ಅದು ಎಲ್ಲೋ ಗಾಲ್ಫ್ ಮೈದಾನದಲ್ಲಿ ಸಾಹೇಬರನ್ನು ಹೊತ್ತು ಬೆಳೆದದ್ದಂತೆ. ಒಬ್ಬ ಕೆಮ್ಮಿದರೂ ಎಲ್ಲರೂ ತಿರುಗಿ ನೋಡುವ ಜಾಗ ಅದು. ಈ ಗಾಡಿಯೂ ಹಾಗೇ, ಓಡಿದರೂ ಸದ್ದಿಲ್ಲ, ನಿಂತರೂ ಸದ್ದಿಲ್ಲ. ಇಂಥ ಮೂಗಿಗೂ ನನಗೂ ಗಂಟುಬಿತ್ತಲ್ಲ ಎಂದುಕೊಂಡೆ.

ನನ್ನನ್ನು ಕೂರಿಸಿದವನು ಚಾಂದ್‌ಪಾಷಾ, ಕಾರುಗಳಿಗೆ ಹಾಡಿನ ಸೆಟ್ ಹಾಕುವುದರಲ್ಲಿ ಪಳಗಿದವನು. ಸೀಟು ಎತ್ತಿದರೆ ಕೆಳಗೆ ನಾಲ್ಕು ಬ್ಯಾಟರಿ.

"ಯಾವುದಕ್ಕ ಹಚ್ಚತಿಯೋ?" ಎಂದಳು ಹುಲಿಗೆಮ್ಮ.

"ಯಾವುದಕ್ಕ ಹಚ್ಚಿದ್ರೇನಕ್ಕಾ? ಕಾರಿನ್ಯಾಗಿರೋದು ಒಂದ ಬ್ಯಾಟರಿ, ಒಂದರಾಗ ಎಂಥೆಂಥಾ ಸೆಟ್ ಕುಣಿಸೀನಿ!" ಎಂದು ಅವನು ಕೈಗೆ ಹತ್ತಿರವಿದ್ದ ಒಂದಕ್ಕೇ ನನ್ನ ವಯರು ಬಿಗಿದ. ಹಿಂದಿನ ಸೀಟಿಗೆ ಎರಡು ಸ್ಪೀಕರ್, ಅವಳ ಕೊರಳಿಗೊಂದು ಮೈಕು.

ಕೆಂಪು ದೀಪ ಹತ್ತಿತು. ಹುಲಿಗೆಮ್ಮ ಮೆಲ್ಲಗೆ, "ಕೈ ಒಳಗ ಇಟ್ಕೋರಿ, ಗಾಡಿ ಹೊಂಟೈತಿ" ಎಂದಳು. ಶಶಿಧರನ ಹಾಡುಗಳಲ್ಲಿ ಇಲ್ಲದ್ದೇನೋ ಆ ದನಿಯಲ್ಲಿತ್ತು. ಆದರೆ ಇಷ್ಟು ಸಣ್ಣಗೆ ಮಾತಾಡಿದರೆ ನನ್ನ ಚಪಲ ತೀರುವುದು ಹೇಗೆ? ಗುಂಡಿ ಇನ್ನಷ್ಟು ತಿರುಗಿಸೇ ತಾಯಿ ಎಂದು ಒಳಗೇ ಚಡಪಡಿಸುತ್ತಿದ್ದೆ.

ಒಂದು ಮಧ್ಯಾಹ್ನ, ಉರಿಬಿಸಿಲಲ್ಲಿ, ಆನೆಲಾಯದ ಏರಿನಲ್ಲಿ ಗಾಡಿ ನಿಂತೇಹೋಯಿತು. ಮುದುಕರು, ಬಸುರಿಯರು, ಮಕ್ಕಳು ಇಳಿದು ನಡೆಯಬೇಕಾಯಿತು. ಚಾಂದ್‌ಪಾಷಾ ಓಡಿಬಂದು ಬ್ಯಾಟರಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಹಣೆ ಬಡಿದುಕೊಂಡ. "ಮೂರು ನೆಟ್ಟಗ ಅದಾವಕ್ಕಾ. ನಾ ಹಚ್ಚಿದ್ದೊಂದ ಸತ್ತೈತಿ. ನಾಕೂ ಕೂಡಿ ಗಾಡಿ ಎಳೀತಾವು, ಇದು ಒಂದರ ರಕ್ತಾನ ಕುಡದೈತಿ!"

ಕುಡಿಯದೆ ಏನು ಮಾಡಲಿ? ಬಾಯಿಗೆ ಇಟ್ಟದ್ದನ್ನು ತಾನೇ ಕುಡಿದೆ?

ಮೇಲ್ವಿಚಾರಕ ಪಂಪಣ್ಣ ಕೆಂಡಾಮಂಡಲವಾದ. "ಆ ಡಬ್ಬಿ ಕಿತ್ತಿ ಒಗಿ. ಬಾಯಿ ಇದ್ರ ಗಾಡಿ ಓಡ್ಸು, ಇಲ್ಲಾಂದ್ರ ಗೇಟಿಗೆ ನಡಿ."

ವಯರು ಕಿತ್ತರು. ಹುಲಿಗೆಮ್ಮ ನನ್ನನ್ನು ಒಗೆಯಲಿಲ್ಲ, ತನ್ನ ಸೀಟಿನ ಕೆಳಗೆ ಇಟ್ಟುಕೊಂಡಳು. ಇಟ್ಟುಕೊಳ್ಳದಿದ್ದರೇ ಚೆನ್ನಾಗಿತ್ತು. ಇಡೀ ಬೇಸಿಗೆ ಅವಳು ಕೂಗಿದಳು. ನಾನು ಅವಳ ಕಾಲ ಬುಡದಲ್ಲೇ ಬಿದ್ದು ಕೇಳಿದೆ. ಮೊದಲು ದನಿ ಒರಟಾಯಿತು, ಆಮೇಲೆ ಬಿರಿಯಿತು, ಆಮೇಲೆ ಮಾವುತರ ಜಗಳದ ಅರ್ಧದಲ್ಲಿ ಬರೀ ಗಾಳಿ ಬಂತು. ಹಿಂದಿನ ಸೀಟಿನವರು "ಕೇಳಸ್ವಲ್ದು ಬೇ, ಜೋರಂಗ ಹೇಳು" ಎನ್ನುತ್ತಿದ್ದರು. ನನ್ನ ಸಂಕಟ ಯಾರಿಗೆ ಹೇಳಲಿ? ಒಂದು ಮೊಳ ವಯರು ಇದ್ದಿದ್ದರೆ ಸಾಕಿತ್ತು.

ಆಪರೇಷನ್ ಆಯಿತು. ತಿಂಗಳುಗಟ್ಟಲೆ ಮಾತಾಡಬಾರದು ಎಂದರು. ಮರಳಿ ಬಂದಾಗ ದನಿ ಅರ್ಧವೂ ಉಳಿದಿರಲಿಲ್ಲ. ಪಂಪಣ್ಣ ಗೇಟು ತೋರಿಸಿದ. ಹುಲಿಗೆಮ್ಮ ಪಿಸುಗುಟ್ಟಿದಳು, "ಒಂದ ಸುತ್ತು, ಅಣ್ಣಾ. ಹಿಂದಿನ ಸೀಟಿನ್ಯಾಗ ನೀನ ಕುಂದ್ರು."

ಅಷ್ಟರೊಳಗೆ ಚಾಂದ್‌ಪಾಷಾ ಒಂದು ಕನ್ವರ್ಟರ್ ತಂದಿದ್ದ. ಅದು ನಾಲ್ಕೂ ಬ್ಯಾಟರಿಗಳಿಂದ ಸಮನಾಗಿ ತೆಗೆದು, ನಾನು ತಾಳುವಷ್ಟಕ್ಕೆ ಇಳಿಸಿ ಕೊಡುತ್ತದೆ. ಮತ್ತೆ ಕೆಂಪು ದೀಪ ಹತ್ತಿತು. "ಕೈ ಒಳಗ ಇಟ್ಕೋರಿ." ನೂಲಿನಷ್ಟು ದನಿ. ಜೋರು ಮಾಡಲು ಹೋದರೆ ಹರಿದೀತು ಎಂದು ಆ ದಿನ ನನಗೆ ನಿಜಕ್ಕೂ ಭಯವಾಯಿತು. ಜೀವಮಾನದಲ್ಲಿ ಮೊದಲ ಸಲ ಮೈಯೆಲ್ಲ ಬಿಗಿಹಿಡಿದು, ಒಂದು ಗರಗರವನ್ನೂ ಸೇರಿಸದೆ, ಅವಳು ಕೊಟ್ಟದ್ದನ್ನು ಕೊಟ್ಟ ಹಾಗೆ ಹಿಂದಕ್ಕೆ ಮುಟ್ಟಿಸಿದೆ. ದಿನವೂ ಮದುವೆ ದಿಬ್ಬಣದಷ್ಟು ಗದ್ದಲ ತುಂಬಿರುತ್ತಿದ್ದ ಗಾಡಿ ಗಪ್‌ಚಿಪ್. ಕೊಳದ ಹತ್ತಿರ ಗಾಡಿ ನಿಂತಾಗ ಪಂಪಣ್ಣ ಇಳಿಯಲೇ ಇಲ್ಲ. "ಮುಂದ ಏನಾತವಾ? ರಾಣಿ ಬಂದ್ಲೋ ಇಲ್ಲೋ?" ಎಂದ. ಎಷ್ಟೋ ವರ್ಷದಿಂದ ಅಲ್ಲೇ ಇದ್ದವನು, ಆ ಕಥೆಯನ್ನು ಕೊನೆತನಕ ಕೇಳಿರಲೇ ಇಲ್ಲ.

ಸ್ಟಿಯರಿಂಗ್ ಅವಳಿಗೇ ಉಳಿಯಿತು. ಬಹಳ ವರ್ಷ ಹೀಗೇ ತಿರುಗಿದೆವು, ಅವಳು, ನಾನು, ಆ ಮೂಗಿ ಗಾಡಿ.

ಈಗ ಗಾಡಿ ಗುಜರಿ ಸೇರಿದೆ. ನಾನು ಚಾರ್ಜಿಂಗ್ ಶೆಡ್ಡಿನ ಅಟ್ಟಣಿಗೆಯಲ್ಲಿದ್ದೇನೆ. ಹೊಸ ಗಾಡಿಗಳಲ್ಲಿ ಹುಟ್ಟುವಾಗಲೇ ಸ್ಪೀಕರ್ ಇವೆ. ಅವುಗಳಲ್ಲಿ ಹೇಳುವುದು ಹುಲಿಗೆಮ್ಮನೇ. ದನಿ ಪೂರ್ತಿ ಹೋಗುವ ಮುಂಚೆ ಪಂಪಣ್ಣ ಎಲ್ಲ ಕಥೆಗಳನ್ನೂ ರೆಕಾರ್ಡ್ ಮಾಡಿಸಿಟ್ಟ. ಇವತ್ತು ಅವಳಿಗೆ ಪಿಸುಮಾತೂ ಬರುವುದಿಲ್ಲ. ಈ ಶೆಡ್ಡಿನಲ್ಲೇ ಗಾಡಿಗಳಿಗೆ ಚಾರ್ಜರ್ ಚುಚ್ಚುತ್ತಾಳೆ.

ಹೊಸ ಡ್ರೈವರುಗಳಿಗೆ ತಾಳ್ಮೆ ಇಲ್ಲ, ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಅವಳ ದನಿ ತಗಡಿನಂತೆ ಕಿರುಚುತ್ತದೆ. ಒಂದು ಕಾಲಕ್ಕೆ ಕಿಟಕಿ ನಡುಗಿಸಿದ ನಾನು ಇಲ್ಲಿ ಕೂತು, ಅಯ್ಯೋ, ಇಳಿಸ್ರೋ, ಅಕ್ಕ ಹಾಗೆ ಮಾತಾಡುವವಳಲ್ಲ ಎಂದು ಒದ್ದಾಡುತ್ತೇನೆ. ಯಾರಿಗೆ ಕೇಳಿಸೀತು?

ಇವತ್ತು ಬೆಳಿಗ್ಗೆ ಒಂದು ಗಾಡಿ ಶೆಡ್ಡಿನ ಬಾಗಿಲಲ್ಲೇ "ಕೈ ಒಳಗ ಇಟ್ಕೋರಿ" ಎಂದು ಅರಚಿತು. ಹುಲಿಗೆಮ್ಮ ಕೈಯಲ್ಲಿದ್ದ ವಯರು ಕೆಳಗಿಟ್ಟು ಎದ್ದು ಹೋದಳು. ಡ್ರೈವರನ ತೋಳಿನಾಚೆ ಕೈ ಚಾಚಿ, ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು, ಇನ್ನೂ ಸ್ವಲ್ಪ ತಿರುಗಿಸಿದಳು.

ಹಾಂ. ಅಷ್ಟೇ ಅಕ್ಕಾ, ಅಷ್ಟೇ ಇರಲಿ.