ಅಂಗೈಯಲ್ಲಿ ಲಿಂಗ

ನೋವಿಲ್ಲ ಅಂದ ಮೇಲೆ ಇಲ್ಲ ಅಂತಲೇ ಬರೆದುಕೊಳ್ಳಬೇಕು ತಾನೇ? ಸರಸ್ವತಿಪುರಂನ ಆ ಡಾಕ್ಟರು ಧರಣಿ ಹಾಗಲ್ಲ. ಮಗಳ ವಯಸ್ಸಿನವಳು, ನಾನು ಏನು ಹೇಳಿದರೂ ಮುಖ ಬಿಟ್ಟು ಕೈಯನ್ನೇ ನೋಡುತ್ತ ಕೂತಳು. ಜೊತೆಗೆ ಸೊಸೆ ನಿಶ್ಚಿತಾ ಬಂದಿದ್ದಳು.

ನಿಜ ಹೇಳಲು ನನಗೇನು ಹುಚ್ಚೇ? ಬೆರಳಿನ ಗೆಣ್ಣೆಲ್ಲ ಬಾತು, ಬೆಳಗಿನ ಹೊತ್ತು ಕೈ ಮಡಿಸಲಿಕ್ಕೇ ಆಗುತ್ತಿರಲಿಲ್ಲ. ಮದುವೆಗೆ ಮುಂಚಿನಿಂದಲೂ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮಾಡಿದವಳು ನಾನು. ಅದು ಕೈಜಾರಿ ಬಿದ್ದರೆ ಅದಕ್ಕಿಂತ ಅನಾಹುತ ಬೇರೆ ಇಲ್ಲ. ಆ ಹೆದರಿಕೆಗೆ ಬಾಗಿಲು ಹಾಕಿಕೊಂಡು, ಲಿಂಗವನ್ನು ತಟ್ಟೆಯಲ್ಲಿಟ್ಟು ಪೂಜೆ ಮುಗಿಸುತ್ತಿದ್ದೆ. ನೋವು ಒಪ್ಪಿಕೊಂಡರೆ ಇದನ್ನೂ ಒಪ್ಪಿಕೊಳ್ಳಬೇಕಿತ್ತು.

ಧರಣಿ ಕುಡಿಯಲು ನೀರಿನ ಬಾಟಲಿ ಕೊಟ್ಟಳು. ಮುಚ್ಚಳ ತಿರುಗಿಸಲಾಗದೆ, ಬಾಯಾರಿಕೆ ಇಲ್ಲ ಅಂದೆ. ಏಳಿ ಅಂದಳು. ಅಂಗೈ ಊರದೆ ಮೊಣಕೈ ಊರಿ ಎದ್ದೆ. ಮಣಿಕಟ್ಟು ಒತ್ತಿದಾಗ ಮುಖ ಗಟ್ಟಿ ಮಾಡಿಕೊಂಡೆ, ಆದರೆ ಹಾಳು ಕಾಲ್ಬೆರಳುಗಳು ಮುದುರಿಕೊಂಡವು. ಅದನ್ನೂ ನೋಡಿಬಿಟ್ಟಳು ಪುಣ್ಯಾತ್ಗಿತ್ತಿ.

"ದಾಕ್ಷಾಯಣಮ್ಮ, ನಿಮಗೆ ತುಂಬಾನೇ ನೋವಿದೆ," ಅಂದಳು. "ಈ ಕೈಲಿ ಏನು ಮಾಡಕ್ಕಾಗ್ತಿಲ್ಲ ಅಂತ ನಿಮಗೆ ಜಾಸ್ತಿ ಸಂಕಟ?"

ಅಳು ತಡೆಯಲಾಗಲಿಲ್ಲ.

"ಲಿಂಗ ಹಿಡಿಯಕ್ಕಾಗ್ತಿಲ್ಲ ಕಣಮ್ಮ."

ಇದು ಸಂಧಿವಾತ, ತೀರಾ ತಡವಾಗಿಲ್ಲ, ಔಷಧಿಗೆ ಬಗ್ಗುತ್ತದೆ, ಆದರೆ ಸ್ವಲ್ಪ ಕಾಲ ಹಿಡಿಯುತ್ತದೆ ಅಂದಳು. ಅಲ್ಲಿಯವರೆಗೆ ಬೆಳಿಗ್ಗೆ ಬಿಸಿನೀರಲ್ಲಿ ಕೈ ಅದ್ದಿ, ಸೊಸೆಯ ಕೈ ಆಸರೆ ತೆಗೆದುಕೊಂಡು ಪೂಜೆ ಮಾಡಿ ಎಂದಳು. ಆಗ ಅದು ಯಾರ ಪೂಜೆ ಆಗುತ್ತದೆ ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ನಿಶ್ಚಿತಾ ಕಿವಿಗೇ ಹಾಕಿಕೊಳ್ಳಲಿಲ್ಲ. ಮರುದಿನ ಸ್ನಾನ ಮಾಡಿ, ವಿಭೂತಿ ಧರಿಸಿ, ಎದುರು ಕೂತು ನನ್ನ ಕೈ ಕೆಳಗೆ ತನ್ನ ಕೈ ಇಟ್ಟಳು. ದಿನವೂ ಇಟ್ಟಳು. ನಾನೂ ದಿನವೂ ಏನಾದರೊಂದು ಅಂದೆ. ಆದರೆ ಲಿಂಗ ತಟ್ಟೆಯಿಂದ ಅಂಗೈಗೆ ಬಂದಿತ್ತಲ್ಲ, ಒಳಗೊಳಗೇ ಹಿಗ್ಗುತ್ತಿದ್ದೆ.

ಮಾತ್ರೆ ಹಿಡಿಯಿತು, ಬಾವು ಇಳಿಯತೊಡಗಿತು. ಒಂದು ಬೆಳಿಗ್ಗೆ ಲಿಂಗಕ್ಕೆ ನೀರೆರೆದು, ಪತ್ರೆ ಏರಿಸಿ, ಬೇರೆ ಯಾವುದರ ಪರಿವೆಯೂ ಇಲ್ಲದೆ ಅದನ್ನೇ ನೋಡುತ್ತ ಕೂತಿದ್ದೆ. ಪೂಜೆ ಮುಗಿದಾಗ, ಸಾಕು, ಕೈ ತೆಗಿಯಮ್ಮ ಅಂದೆ.

"ಆಗ್ಲೇ ತೆಗೆದ್ಬುಟ್ಟೆ ಅತ್ತೆ," ಅಂದಳು ನಿಶ್ಚಿತಾ. "ನಿಮ್ಮ ಕೈ ನಡುಗ್ತಿರ್ಲಿಲ್ಲ, ನೋಡ್ದೆ."

ತಲೆ ಎತ್ತಿದೆ. ಅವಳ ಎರಡೂ ಕೈ ಅವಳ ಮಡಿಲಲ್ಲೇ ಇದ್ದವು.