ಸೋರದ ಪೆಟ್ಟಿಗೆ

ಪೆಟ್ಟಿಗೆ ಸೋರುತ್ತಿರಲಿ ಎಂದು ವಿಜೇತಾ ಆಸೆಪಟ್ಟದ್ದು ಅವತ್ತೇ ಮೊದಲು.

ಮೂರು ತಿಂಗಳು ಅವಳು ಸೋರಿಕೆ ನಿಲ್ಲಿಸಲೆಂದೇ ಒದ್ದಾಡಿದ್ದಳು. ಪ್ಲೈವುಡ್ಡಿನ ಪೆಟ್ಟಿಗೆ, ಗುಜರಿಯಲ್ಲಿ ಸಿಕ್ಕ ಎರಡು ವ್ಯಾಕ್ಯೂಮ್ ಕ್ಲೀನರ್ ಮೋಟಾರು, ಪಕ್ಕದಲ್ಲಿ ಬಣ್ಣದ ನೀರಿನ ಬಾಗಿದ ಕೊಳವೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನು ಪೆಟ್ಟಿಗೆಯ ಬಾಯಿಯ ಮೇಲಿಟ್ಟು ಮೋಟಾರು ಹಾಕಿದರೆ, ಸಿಲಿಂಡರಿಗೆ ಗಾಳಿ ಹೋಗುವ ದಾರಿಯಾದ ಪೋರ್ಟಿನಿಂದ ಪೆಟ್ಟಿಗೆ ಗಾಳಿ ಎಳೆಯುತ್ತದೆ. ಹೆಚ್ಚು ಗಾಳಿ ಹಾದಷ್ಟೂ ನೀರು ಮೇಲೇರುತ್ತದೆ.

ಕೋಟೇಶ್ವರದ ಆ ವರ್ಕ್‌ಶಾಪಿನಲ್ಲಿ ಅವಳ ಅಪ್ಪ ದುಗ್ಗಪ್ಪ ಮೂವತ್ತು ವರ್ಷದಿಂದ ಬೋಟುಗಳ ಹೆಡ್ಡಿನ ಪೋರ್ಟುಗಳನ್ನು ಉಜ್ಜಿ ಸರಿಮಾಡುತ್ತಿದ್ದರು. ಅಳತೆ ಎಂಬುದಿಲ್ಲ, ಪೋರ್ಟಿನೊಳಗೆ ಬೆರಳಾಡಿಸಿ 'ಸಾಕ್' ಎಂದರೆ ಸಾಕು. ಸಕ್ಕರೆ ಕಾಯಿಲೆ ಜೋರಾದ ಮೇಲೆ 'ದುಗ್ಗಪ್ಪಣ್ಣನ ಕೈ ಹೋಯ್ತ್, ಬೆರಳಿಗೆ ಎಂತದೂ ಗೊತ್ತಾತಿಲ್ಲೆ' ಎಂಬ ಮಾತು ಬಂದರಿನಲ್ಲಿ ಹುಟ್ಟಿತು. ಅದು ಸುಳ್ಳೆಂದು ಅಂಕಿಯಲ್ಲಿ ತೋರಿಸಲಿಕ್ಕೇ ಬಿಎಸ್ಸಿ ಓದಿದ ಮಗಳು ಪೆಟ್ಟಿಗೆ ಕಟ್ಟಿದ್ದು.

ಮೊದಲ ಪರೀಕ್ಷೆಗೆ, ಅಪ್ಪ ಆಗಷ್ಟೇ ಉಜ್ಜಿ ಮುಗಿಸಿದ್ದ, ಬೋಟಿನ ಮಾಲೀಕ ಪ್ರೇಮಾನಂದನ ಹೆಡ್. ಅವನೂ ಬಂದು ನಿಂತಿದ್ದ.

“ಎಂತ ಮಾರಾಯ್ತಿ, ಇದ್ರೊಳ್ಗೆ ಮೊಟ್ಟಿ ಮರಿ ಮಾಡುದಾ?”

ನಾಲ್ಕು ಪೋರ್ಟುಗಳು; ಕೆಲಸ ಸರಿಯಿದ್ದರೆ ನಾಲ್ಕಕ್ಕೂ ನೀರು ಒಂದೇ ಎತ್ತರ ಏರಬೇಕು. ನೀರು ಇಪ್ಪತ್ತೊಂದು ಸೆಂಟಿಮೀಟರ್ ಏರಿತು. ಆಮೇಲೆ ಹದಿನೇಳು, ಇಪ್ಪತ್ತು, ಹದಿಮೂರು.

“ನಿನ್ ಪೆಟ್ಟಿಗಿ ಸೋರತ್ತ್ ಕಾಣ್,” ಎಂದರು ದುಗ್ಗಪ್ಪ.

ಸೋರಲಿ ದೇವರೇ ಎಂದುಕೊಂಡೇ ಅವಳು ಪೆಟ್ಟಿಗೆಯ ಬಾಯಿಗೆ ದಪ್ಪ ಗಾಜು ಮುಚ್ಚಿ ಮೋಟಾರು ಹಾಕಿದಳು. ಎಲ್ಲಾದರೂ ಸೋರಿದ್ದರೆ ನೀರು ಏರಬೇಕಿತ್ತು; ಕೂದಲೆಳೆಯಷ್ಟೂ ಕದಲಲಿಲ್ಲ.

ಉಳಿದದ್ದು ಒಂದೇ ಆಸೆ: ಈ ಮಾದರಿಯ ಹೆಡ್ಡೇ ಹೀಗಿರಬಹುದು. ಎಂಟು ವರ್ಷದ ಹಿಂದೆ ಯಾರೋ ಉಜ್ಜಲು ಕೊಟ್ಟು ಒಯ್ಯದೆ ಬಿಟ್ಟ, ಅದೇ ಮಾದರಿಯ ಹೆಡ್ಡೊಂದು ಹಿಂದಿನ ಕೋಣೆಯಲ್ಲಿತ್ತು. ಧೂಳು ಒರೆಸಿ ತಂದಿಟ್ಟಳು. ಇಪ್ಪತ್ತೊಂದು. ಇಪ್ಪತ್ತೊಂದು. ಇಪ್ಪತ್ತೂವರೆ. ಇಪ್ಪತ್ತೊಂದು.

ಮೋಟಾರು ನಿಂತಿತು. ದುಗ್ಗಪ್ಪ ಕೊಳವೆಯ ಹತ್ತಿರ ಬಗ್ಗಿದರು. “ಹ್ವಾಯ್, ಕೆಲ್ಸ ಅಂದ್ರೆ ಇದ್! ಯಾರ್ದ್ ಕೈ?”

ಅವರು ಪೋರ್ಟಿನೊಳಗೆ ಬೆರಳು ಹಾಕಿ ಸುತ್ತಲೂ ಆಡಿಸಿದರು. ಆಮೇಲೆ ಪ್ರೇಮಾನಂದನ ಹೆಡ್ಡಿಗೆ ಹಾಕಿದರು. ಮತ್ತೆ ಹಳೆಯದಕ್ಕೆ.

“ನಂಗೆ ಎರಡೂ ಒಂದೇ ಕಾಣತ್ತಲೆ.”

“ಅದ್ ನಿಮ್ದೇ ಕೈ, ಅಪ್ಪಯ್ಯ.”

ಪ್ರೇಮಾನಂದ ತಮಾಷೆ ಬಿಟ್ಟು ತನ್ನ ಹೆಡ್ಡಿನ ಮೇಲೆ ಕೈಯಿಟ್ಟ. ಮೆಲ್ಲನೆ, “ಇನ್ನೊಂದ್ ಸಲ ಉಜ್ಜಿ ಕಾಂಬ, ದುಗ್ಗಪ್ಪಣ್ಣ. ನಂಗೇನ್ ಅರ್ಜೆಂಟ್ ಇಲ್ಲೆ,” ಎಂದ. ಬಂದರಿನ ಯಾವ ಮಾತೂ ವಿಜೇತಾಳಿಗೆ ಆ ಕನಿಕರದಷ್ಟು ನೋವು ಕೊಟ್ಟಿರಲಿಲ್ಲ.

“ಬ್ಯಾಡ. ತಕಂಡ್ ಹೋಗ್ ಮಾರಾಯಾ,” ಎಂದ ದುಗ್ಗಪ್ಪ ಮಗಳತ್ತ ತಿರುಗಿದರು. “ನೀ ಉಜ್ತ್ಯಾ?”

ಮೂರು ತಿಂಗಳು ಸಂದುಗಳಿಗೆ ಅಂಟು ಬಳಿಯುತ್ತ ಕೂತವಳು ಒಮ್ಮೆಯೂ ಅಪ್ಪನ ಬೆರಳು ಯಾವ ಹದಕ್ಕೆ 'ಸಾಕ್' ಎನ್ನುತ್ತದೆಂದು ಕೇಳಿರಲಿಲ್ಲ. ಈಗ ಕೇಳಿದರೂ ಆ ಬೆರಳಿಗೇ ಗೊತ್ತಿರಲಿಲ್ಲ.

“ನಂಗೆ ಅಳತಿ ಮಾಡೂಕ್ ಮಾತ್ರ ಬತ್ತ್, ಅಪ್ಪಯ್ಯ,” ಎಂದಳು.